ಓದುಗರ ಪ್ರಶ್ನೆ: 50ರ ಗುರಿ 34ಕ್ಕೆ ನಿಂತರೆ

ಪ್ರಶ್ನೆ: ಯುಗಾದಿಯಿಂದ ಯುಗಾದಿಗೆ 50 ಪುಸ್ತಕ ಓದುವುದೆಂದು ಹೊರಟಿದ್ದೆ, 34ಕ್ಕೆ ನಿಂತಿತು. ಓದಿದ್ದರಲ್ಲೂ ಅರ್ಧಕ್ಕರ್ಧ ನೆನಪಿಲ್ಲ. ಈ ವರ್ಷ ಮತ್ತೆ ಗುರಿ ಇಟ್ಟುಕೊಳ್ಳಲೇ, ಬಿಟ್ಟುಬಿಡಲೇ?
– ಓದುಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಇಟ್ಟುಕೊಳ್ಳಿ. ಆದರೆ ಅದಕ್ಕೂ ಮೊದಲು ಒಂದು ಸಂಜೆ ಹಳೆಯ ಪಟ್ಟಿ ಹಿಡಿದು ಕೂರಿ. ಪುಸ್ತಕ ತೆರೆಯದೆ, ಪ್ರತಿ ಹೆಸರಿನ ಎದುರಿಗೆ ಒಂದೇ ಸಾಲು ಬರೆಯಿರಿ: ಯಾವ ಪಾತ್ರ, ಯಾವ ಪ್ರಸಂಗ, ಯಾವ ಮಾತು ಉಳಿದಿದೆ ಎಂದು. ಏನೂ ತೋಚದಿದ್ದರೆ ಖಾಲಿ ಬಿಡಿ. ಆಮೇಲೆ ಖಾಲಿ ಉಳಿದವನ್ನು ಯಾವ ತಿಂಗಳಲ್ಲಿ ಓದಿದ್ದಿರಿ ನೋಡಿ. ಹೆಚ್ಚಾಗಿ ಅವು ವರ್ಷದ ಕೊನೆಗೆ ಒಟ್ಟಿಗೆ ಸಿಗುತ್ತವೆ, ಲೆಕ್ಕ ತುಂಬಿಸಲು ಒಂದರ ಬೆನ್ನಿಗೆ ಒಂದು ಓದಿದವು. ಒಂದು ಕಾದಂಬರಿ ಮುಗಿದ ರಾತ್ರಿಯೇ ಇನ್ನೊಂದನ್ನು ಶುರು ಮಾಡಿದರೆ ಮೊದಲಿನದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನೆನಪಿನ ಶಕ್ತಿ ಕುಂದಿತೆಂದು ಕೊರಗಬೇಡಿ.

ಇನ್ನು ಗುರಿಯ ಲೆಕ್ಕ. ಪುಸ್ತಕಕ್ಕೆ ಸರಾಸರಿ 220 ಪುಟ ಹಿಡಿದರೆ 50ಕ್ಕೆ 11,000 ಪುಟ, ದಿನಕ್ಕೆ 30. ಗಡಿಯಾರ ಇಟ್ಟುಕೊಂಡು 20 ನಿಮಿಷ ಓದಿ, ಪುಟ ಎಣಿಸಿ. ಎಂಟು ಪುಟ ಬಂದರೆ ಆ 30ಕ್ಕೆ ಒಂದೂಕಾಲು ಗಂಟೆ ಬೇಕು. ಅಷ್ಟು ಹೊತ್ತು ದಿನಾ ಸಿಗುವ ಮನೆಗಳು ಕಡಿಮೆ. ವರ್ಷಕ್ಕೆ 365 ದಿನ ಹಿಡಿಯುವುದೂ ತಪ್ಪು. ಮದುವೆ, ಪರೀಕ್ಷೆ, ಕಾಯಿಲೆ, ದುಗ್ಗಮ್ಮನ ಜಾತ್ರೆ ಬರುವ ವರ್ಷವಾದರೆ ನೆಂಟರು ತುಂಬಿದ ಆ ದಿನಗಳು, ಎಲ್ಲ ಕಳೆದು 300 ಇಟ್ಟುಕೊಳ್ಳಿ. ದಿನಕ್ಕೆ ಮುಕ್ಕಾಲು ಗಂಟೆ ಎಂದರೆ 18 ಪುಟ, 300 ದಿನಕ್ಕೆ 5,400 ಪುಟ, ಅಂದರೆ ಸುಮಾರು 24 ಪುಸ್ತಕ. ಈ ಲೆಕ್ಕದಲ್ಲಿ ನಿಮ್ಮ 34 ದೊಡ್ಡ ಓದೇ! ಗುರಿ ಬರೆಯುವಾಗ ಪುಸ್ತಕದ ಬದಲು ಪುಟ ಬರೆಯಿರಿ. ದೊಡ್ಡ ಡೆಮಿ ಆಕಾರದಲ್ಲಿ ಒತ್ತೊತ್ತಾಗಿ ಅಚ್ಚಾದ ಪುಟಕ್ಕೂ ಅದಕ್ಕಿಂತ ಚಿಕ್ಕ ಕ್ರೌನ್ ಆಕಾರದಲ್ಲಿ ಬಿಡಿಬಿಡಿಯಾಗಿ ಅಚ್ಚಾದ ಪುಟಕ್ಕೂ ವ್ಯತ್ಯಾಸವಿದೆ, ಆದರೂ ಪುಸ್ತಕದ ಲೆಕ್ಕಕ್ಕಿಂತ ಇದು ನ್ಯಾಯವಾದದ್ದು.

ಮುಗಿದ ಪುಸ್ತಕದ ಬಗ್ಗೆ ಅಂದೇ ಬರೆಯಬೇಡಿ. ಎರಡು ದಿನ ಬಿಟ್ಟು ಐದು ಸಾಲು ಬರೆಯಿರಿ, ಅಲ್ಲಿಯವರೆಗೆ ಹೊಸದನ್ನು ಮುಟ್ಟಬೇಡಿ.

ಪ್ರಶ್ನೆ: ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನೆಲ್ಲ ಒಂದು ವರ್ಷದಲ್ಲಿ ಓದುವ ಪಣ ತೊಟ್ಟಿದ್ದೆ. ‘ದುರ್ಗಾಸ್ತಮಾನ’ದಿಂದ ಶುರು ಮಾಡಿ ನೂರು ಪುಟಕ್ಕೇ ನಿಂತೆ. ವರ್ಷ ಮುಗಿಯಿತು.
– ಓದುಗ, ಚಿತ್ರದುರ್ಗ

ಉತ್ತರ: ನೀವು ಕೊನೆಯಿಂದ ಶುರು ಮಾಡಿದಿರಿ. ಅದು 1779ರಲ್ಲಿ ದುರ್ಗ ಹೈದರಾಲಿಯ ವಶವಾದ ಕಾಲದ ಕಥೆ. ತ.ರಾ.ಸು. ಬದುಕಿನ ಕೊನೆಯ ವರ್ಷಗಳ ಬರಹ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿರಲಿಲ್ಲ. ಮೊದಲು ‘ಕಂಬನಿಯ ಕುಯಿಲು’, ಆಮೇಲೆ ‘ರಕ್ತರಾತ್ರಿ’, ‘ತಿರುಗುಬಾಣ’ ಇದೇ ಕ್ರಮದಲ್ಲಿ ಓದಿ. ಮೂರೂ ಒಂದೇ ಕಥೆಯ ಮುಂದುವರಿಕೆ, ಮಧ್ಯದ್ದನ್ನು ಮೊದಲು ಹಿಡಿದರೆ ದಳವಾಯಿ ಮುದ್ದಣ್ಣನ ಆಟ ಅರ್ಥವಾಗುವುದಿಲ್ಲ.

ಇಂಥ ಕಾದಂಬರಿ ನಡುವೆ ನಿಲ್ಲಲು ಮುಖ್ಯ ಕಾರಣ ಹೆಸರುಗಳ ಗೋಜಲು. ಒಬ್ಬನೇ ವ್ಯಕ್ತಿ ಒಮ್ಮೆ ಹೆಸರಿನಿಂದ, ಒಮ್ಮೆ ಪದವಿಯಿಂದ ಬರುತ್ತಾನೆ. ಒಂದು ಹಾಳೆ ಮಡಚಿ ಪುಸ್ತಕದೊಳಗಿಡಿ. ಎಡಕ್ಕೆ ಅರಮನೆಯವರು, ಬಲಕ್ಕೆ ದಳವಾಯಿ, ಪ್ರಧಾನಿ ಮುಂತಾದವರು. ಪ್ರತಿ ಹೆಸರಿನ ಮುಂದೆ ಪದವಿ ಮತ್ತು ಮೊದಲು ಬಂದ ಪುಟದ ಸಂಖ್ಯೆ. ಓದು ನಿಲ್ಲಿಸುವುದಾದರೆ ಅಧ್ಯಾಯದ ಕೊನೆಗೇ ನಿಲ್ಲಿಸಿ. ನೀವು ದುರ್ಗದವರೇ ಆದ್ದರಿಂದ ಇನ್ನೊಂದು ಅನುಕೂಲವಿದೆ: ಒಂದು ಬೆಳಗ್ಗೆ ಕೋಟೆ ಹತ್ತಿ ಸುತ್ತುಗಳನ್ನೂ ಬಾಗಿಲುಗಳನ್ನೂ ಕ್ರಮವಾಗಿ ನೋಡಿಕೊಂಡು ಬನ್ನಿ. ಮುತ್ತಿಗೆಯ ಪುಟಗಳಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದು ಆಗ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ಅರ್ಧಕ್ಕೆ ಬಿಟ್ಟವನ್ನು ಲೆಕ್ಕಕ್ಕೆ ಸೇರಿಸಬಹುದೇ?
– ವಿದ್ಯಾರ್ಥಿನಿ, ಹರಿಹರ

ಉತ್ತರ: ಓದಿದ ಪುಟಗಳನ್ನು ಸೇರಿಸಿ, ಪುಸ್ತಕವನ್ನು ಬೇಡ. ಗ್ರಂಥಾಲಯದ್ದಾದರೆ ಹಿಂದಿರುಗಿಸಿ, ಇನ್ನೊಬ್ಬರಿಗೆ ಸಿಗಲಿ. ನಿಲ್ಲಿಸಿದ ಪುಟದ ಸಂಖ್ಯೆ ಮಾತ್ರ ಬರೆದಿಟ್ಟುಕೊಳ್ಳಿ. ತಿಂಗಳು ಕಳೆದ ಮೇಲೆ ಮತ್ತೆ ಹಿಡಿದರೆ ಮೊದಲಿನಿಂದ ಓದಬೇಕಿಲ್ಲ, ಇಪ್ಪತ್ತು ಪುಟ ಹಿಂದಕ್ಕೆ ಹೋಗಿ ಅಲ್ಲಿಂದ ಓದಿ.