ಕಲ್ಲು ಕಿತ್ತ ಜಾಗವೂ ಸಾಕ್ಷಿಯೇ

ಮಡಿಕೇರಿ ಪಕ್ಕದ ಓದುಗರೊಬ್ಬರ ಪತ್ರ: "ಕೋಟೆ, ಗದ್ದಿಗೆ, ಓಂಕಾರೇಶ್ವರ ಬಿಟ್ಟರೆ ನಮ್ಮೂರಲ್ಲಿ ರಾಜರ ಕಾಲದ್ದು ಜಾಸ್ತಿ ಏನೂ ಉಳಿದಿಲ್ಲ. ಇಲ್ಲದ ಕಟ್ಟಡವನ್ನು ಅಗೆದು ಹುಡುಕುವುದು ಸುಮ್ನೆ ದುಡ್ಡು ದಂಡ ಅಲ್ವಾ? ಅಂದ ಹಾಗೆ, ಕಾರ್ ಶೆಡ್ಡಿಗೆ ತೋಟದ ಮೂಲೆ ಸಮ ಮಾಡುವಾಗ ಕೆತ್ತಿದ ಕಲ್ಲಿನ ಸಾಲೊಂದು ಸಿಕ್ಕಿತು. ಮೂರನ್ನು ಕಿತ್ತು ಮೆಟ್ಟಿಲಿಗೆ ಹಾಕಿದೆವು."

ಸಂಪಾದಕರ ಉತ್ತರ:

ಕಲ್ಲಿನ ವಿಚಾರ ಆಮೇಲೆ. ಮೊದಲು ಕೋಟೆಯೊಳಗಿನ ಮ್ಯೂಸಿಯಂ ನೆನಪಿಸಿಕೊಳ್ಳಿ. ಅದು 1850ರ ದಶಕದಲ್ಲಿ ಇಂಗ್ಲಿಷರು ಕಟ್ಟಿಸಿದ ಸೇಂಟ್ ಮಾರ್ಕ್ಸ್ ಚರ್ಚ್. ಅದಕ್ಕೂ ಮುಂಚೆ ಅಲ್ಲಿದ್ದದ್ದು ವೀರಭದ್ರ ದೇವಸ್ಥಾನ. ಕೋಟೆಯದೂ ಇದೇ ಕತೆ. 1681ರಲ್ಲಿ ಹಾಲೇರಿಯಿಂದ ರಾಜಧಾನಿ ತಂದ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನದು ಮಾಡಿಸಿದ. ಈಗ ಕಾಣುವ ಅರಮನೆ ಲಿಂಗರಾಜನದು, 1812–14ರದು. ಒಂದು ಗುಡ್ಡದ ಮೇಲೆ ಎಷ್ಟು ಊರು ನೋಡಿ!

ಕಟ್ಟಡ ಕೆಡವಿದವರು ಪಾಯದ ಕಲ್ಲನ್ನೂ ಬಿಡುವುದಿಲ್ಲ, ಒಪ್ಪಿದೆ. ಆದರೆ ಕಿತ್ತ ಗುಂಡಿಯನ್ನು ಯಾರೂ ಹೊತ್ತುಕೊಂಡು ಹೋಗಲಾರರು. ಅದರೊಳಗೆ ಆಮೇಲೆ ಬಿದ್ದ ಮಣ್ಣು ಸಡಿಲ, ಬಣ್ಣವೂ ಬೇರೆ. ಗಾರೆ ಚೂರು, ಹೆಂಚಿನ ಚೂರು ಬೆರೆತಿರುತ್ತವೆ. ಕರಣೆಯಿಂದ ಮೆಲ್ಲಗೆ ಕೆರೆದರೆ ಇಲ್ಲದ ಗೋಡೆಯ ನಕ್ಷೆ ನೆಲದ ಮೇಲೆ ಮೂಡುತ್ತದೆ. ಅದರಲ್ಲಿ ಕಾಸೊಂದು ಸಿಕ್ಕಿತು ಅನ್ನಿ, ಆ ಕಾಸು ಅಚ್ಚಾದ ಮೇಲೆಯೇ ಗುಂಡಿ ಮುಚ್ಚಿದ್ದು ಎಂಬ ಲೆಕ್ಕವೂ ಸಿಕ್ಕಂತೆ. ಮರದ ಕಂಬವನ್ನು ಗೆದ್ದಲು ತಿಂದರೂ ಅದು ನಿಂತ ಕುಳಿ ದುಂಡನೆಯ ಕಪ್ಪು ಕಲೆಯಾಗಿ ಉಳಿಯುತ್ತದೆ. ಹಂಪಿಯಲ್ಲಿ ಅರಮನೆಗಳ ಮರದ ಮೇಲ್ಭಾಗ ಪೂರಾ ಹೋಗಿ ಬರೀ ಕಲ್ಲಿನ ಜಗಲಿ ಉಳಿದಿದೆ. ಈಗ ಎಲ್ಲರೂ ಫೋಟೊ ತೆಗೆಯುವ ಅಲ್ಲಿನ ಮೆಟ್ಟಿಲಿನ ಪುಷ್ಕರಣಿ 1980ರ ದಶಕದವರೆಗೂ ಮಣ್ಣಿನಡಿಯೇ ಇತ್ತು.

ಕೊಡಗಿನಲ್ಲಿ ಕೆಲಸ ಕಷ್ಟವೇ. ಮಳೆಗೆ ಮಣ್ಣಿನ ಗೋಡೆ ಕರಗುತ್ತದೆ, ನಮ್ಮ ಹುಳಿ ಮಣ್ಣಿನಲ್ಲಿ ಮೂಳೆ ಉಳಿಯುವುದು ಅಪರೂಪ, ಕಾಫಿ ಬೇರು ಪದರಗಳನ್ನೇ ಕಲಸಿಬಿಡುತ್ತದೆ. ಜೆಸಿಬಿ ಬಂತೋ, ಮುಗಿಯಿತು. ಅಗೆಯದೆಯೂ ಸುಳಿವು ಸಿಗುತ್ತದೆ, ಅದು ಸಮಾಧಾನ. ಕಾಫಿ ಹೂ ಅರಳಿಸುವ ಹೂ ಮಳೆಗೆ ಮುಂಚಿನ ಬಿಸಿಲಿನಲ್ಲಿ ಬಾಣೆ, ಅಂದರೆ ಗದ್ದೆ ಪಕ್ಕದ ಹುಲ್ಲು ಜಾಗ, ನೋಡಿ. ಹುಲ್ಲು ಗೆರೆ ಎಳೆದ ಹಾಗೆ ಬೇಗ ಒಣಗಿದ್ದರೆ ಕೆಳಗೆ ಕಲ್ಲಿರಬಹುದು. ಬರೀ ಬಂಡೆಯೂ ಇರಬಹುದು ಅನ್ನಿ.

ಇನ್ನು ನಿಮ್ಮ ಕಲ್ಲುಗಳು. ರಾಜರ ಕಾಲದ್ದೋ, ಯಾರದೋ ತೋಟದ ಕೂಲಿಯವರ ಲೈನ್‌ಮನೆಯದ್ದೋ, ಪತ್ರ ಓದಿ ಹೇಳಲಾರೆ. ಉಳಿದ ಸಾಲನ್ನು ಮಾತ್ರ ಕೀಳಬೇಡಿ. ಪಕ್ಕದಲ್ಲೊಂದು ಅಳತೆ ಪಟ್ಟಿ ಇಟ್ಟು ಫೋಟೊ ತೆಗೆದು ಕೋಟೆಯ ಮ್ಯೂಸಿಯಂನವರಿಗೆ ತೋರಿಸಿ. ಅವರು ಬಂದರೆ ಮೆಟ್ಟಿಲಿಗಿಂತ ಮೊದಲು ಆ ಮೂರು ಕಲ್ಲು ಕಿತ್ತ ಜಾಗಕ್ಕೆ ಕರೆದುಕೊಂಡು ಹೋಗಿ.