ವಾಹನ ಪ್ರಶ್ನೋತ್ತರ: ಬಿಸಿಎಂ ಬದಲಿಸುವ ಮುನ್ನ ಅರ್ತಿಂಗ್ ನೋಡಿ

ಪ್ರಶ್ನೆ: ನಮ್ಮದು ಡಬಲ್ ಕ್ಯಾಬಿನ್ ಪಿಕಪ್. ಮಳೆ ಹಿಡಿದಾಗಿನಿಂದ ಸೆಂಟ್ರಲ್ ಲಾಕ್ ತಾನಾಗಿಯೇ ಬೀಳುತ್ತಿದೆ, ಆಫ್ ಮಾಡಿದರೂ ವೈಪರ್ ನಿಲ್ಲುವುದಿಲ್ಲ, ಕೆಲವು ದಿನ ಬೆಳಿಗ್ಗೆ ಬ್ಯಾಟರಿ ಡೌನ್. ಗ್ಯಾರೇಜಿನವರು ಸ್ಕ್ಯಾನರ್‌ನಲ್ಲಿ ಯು0140 ಕೋಡ್ ತೋರಿಸಿ, ‘ಬಾಡಿ ಕಂಟ್ರೋಲ್ ಮಾಡ್ಯೂಲ್ (ಬಿಸಿಎಂ) ಹೋಗಿದೆ, ಹೊಸದು ಹಾಕಬೇಕು’ ಎನ್ನುತ್ತಾರೆ. ಹಾಕಿಸಲೇ?
– ಓದುಗರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಆ ಕೋಡ್ ಹೇಳುವುದು, ಲಾಕ್, ವೈಪರ್, ಲೈಟ್‌ಗಳನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆಯಾದ ಬಿಸಿಎಂ ಜೊತೆ ಸಂಪರ್ಕ ತಪ್ಪಿದೆ ಎಂದಷ್ಟೇ. ಅದಕ್ಕೆ ಕರೆಂಟು ಸಿಗದಿದ್ದರೂ, ಅರ್ತಿಂಗ್ ಸಡಿಲವಾಗಿದ್ದರೂ, ಮಧ್ಯದ ವೈರನ್ನು ಇಲಿ ಕಡಿದಿದ್ದರೂ ಇದೇ ಕೋಡ್ ಬರುತ್ತದೆ.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಯೇ ಮುಂದಿನ ಪರೀಕ್ಷೆ. ವೋಲ್ಟೇಜ್ ಕುಸಿದಾಗ ಒಳ್ಳೆಯ ಮಾಡ್ಯೂಲೂ ಹುಚ್ಚುಹುಚ್ಚಾಗಿ ಆಡುತ್ತದೆ.

ಆಮೇಲೆ ಅರ್ತಿಂಗ್. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ‘ಕನೆಕ್ಷನ್ ಇದೆ’ ಎಂದು ಬಿಡುವವರೇ ಹೆಚ್ಚು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ ಆ ಎಳೆ ಲೋಡ್ ಹೊರಲಾರದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ, ಕೆಂಪು ಪ್ರೋಬ್ ಬಿಸಿಎಂ ಸಾಕೆಟ್‌ನ ಅರ್ತ್ ಪಿನ್‌ಗೆ ಹಿಂಬದಿಯಿಂದ ಮುಟ್ಟಿಸಿ. ಸಾಕೆಟ್ ಕೂತೇ ಇರಲಿ, ಹೆಡ್‌ಲೈಟ್ ಮತ್ತು ವೈಪರ್ ಆನ್ ಇರಲಿ. 0.1 ವೋಲ್ಟ್ ಮೀರಿದರೆ ದೋಷ ಅರ್ತಿಂಗ್‌ನಲ್ಲಿದೆ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಮಾಡಿ. ಬಿಸಿಎಂಗೆ ಹೋಗುವ ಫ್ಯೂಸ್ ಒಂದೇ ಅಲ್ಲ, ಹಲವು. ಒಂದು ಸುಟ್ಟರೆ ಅರ್ಧ ಕೆಲಸ ಮಾತ್ರ ನಿಲ್ಲುತ್ತದೆ. ಹಾಗಾಗಿ ಎಲ್ಲವನ್ನೂ ನೋಡಬೇಕು.

ಕ್ಯಾನ್ ಲೈನ್ (ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಜೋಡಿ ವೈರ್) ಪರೀಕ್ಷೆಗೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಓಮ್ ಅಳೆಯಿರಿ. ಸುಮಾರು 60 ಬಂದರೆ ಲೈನ್ ಸರಿ. 120 ಬಂದರೆ ಎಲ್ಲೋ ತುಂಡಾಗಿದೆ, ಸೊನ್ನೆಯ ಹತ್ತಿರವಿದ್ದರೆ ಶಾರ್ಟ್. ಕೆಲವು ಗಾಡಿಗಳಲ್ಲಿ ಬಿಸಿಎಂ ಬೇರೆ ಲೈನ್‌ನಲ್ಲಿರುತ್ತದೆ, ವೈರಿಂಗ್ ಡಯಾಗ್ರಾಂ ನೋಡಿಕೊಳ್ಳಿ.

ಮಳೆಯಲ್ಲೇ ಶುರುವಾದ್ದರಿಂದ ನಮ್ಮ ಅನುಮಾನ ನೀರಿನ ಮೇಲೆ. ಡ್ರೈವರ್ ಕಾಲಿನ ಬಳಿ ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಿದ್ದರೆ ಗಾಜಿನ ಮೂಲೆಯ ಸೀಲಂಟ್, ಎಸಿ ನೀರು ಹೋಗುವ ಪೈಪ್ ಎರಡನ್ನೂ ಪರೀಕ್ಷಿಸಿ. ನೀರು ವೈರಿಂಗ್ ಗುಂಟ ಇಳಿದು ಸಾಕೆಟ್ ಒಳಗೇ ಸೇರುತ್ತದೆ. ಪಿನ್ ಮೇಲೆ ಹಸಿರು ಪುಡಿ ಕಂಡರೆ ಅದೇ ಸಾಕ್ಷಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಒಣಗಿಸಿ, ಕೊರೆದುಹೋದ ಪಿನ್ ಬದಲಿಸಿ. ಸೋರಿಕೆ ನಿಲ್ಲಿಸದೆ ಹೊಸ ಮಾಡ್ಯೂಲ್ ಹಾಕಿದರೆ ಅದಕ್ಕೂ ಇದೇ ಗತಿ.

ಬ್ಯಾಟರಿ ಡೌನ್ ಆಗುವುದಕ್ಕೆ: ನೆಗೆಟಿವ್ ಕೇಬಲ್ ಬಿಚ್ಚಿ ನಡುವೆ ಆಮ್‌ಮೀಟರ್ ಸೇರಿಸಿ. ಬಾಗಿಲು ತೆರೆದೇ ಇದ್ದರೆ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಮಾಡ್ಯೂಲ್‌ಗಳು ಮಲಗಲು ಅರ್ಧ ಗಂಟೆ ಬಿಡಿ. ಬಳಿಕ 50 ಮಿಲಿಆಂಪ್ ಒಳಗಿರಬೇಕು. ಹೆಚ್ಚಿದ್ದರೆ, ಹೊರಗಡೆ ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಮತ್ತು ಸ್ಟೀರಿಯೋಗಳ ಕನೆಕ್ಷನ್ ಬಿಚ್ಚಿ ನೋಡಿ, ಬಿಸಿಎಂ ಸರದಿ ಅವುಗಳ ನಂತರ. ಮೀಟರ್ ಸೇರಿಸಿರುವಾಗ ಇಗ್ನಿಷನ್ ಮುಟ್ಟಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಪ್ರಶ್ನೆ: ಬಿಸಿಎಂ ನಿಜಕ್ಕೂ ಹೋಗಿದೆ ಎಂದು ಖಾತ್ರಿಯಾಗಿದೆ. ಗುಜರಿಯಿಂದ ಹಳೆಯದು ತಂದರೆ ನಡೆಯುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ನಡೆಯಬಹುದು, ಆದರೆ ತಂದು ಸಾಕೆಟ್ ಚುಚ್ಚಿದರೆ ಸಾಲದು. ಅನೇಕ ಗಾಡಿಗಳಲ್ಲಿ ಇಮ್ಮೊಬಿಲೈಸರ್ (ಕೀ ಗುರುತು ಸಿಗದಿದ್ದರೆ ಇಂಜಿನ್ ಓಡಲು ಬಿಡದ ಬೀಗ) ಲೆಕ್ಕ ಬಿಸಿಎಂ ಒಳಗೇ ಇರುತ್ತದೆ. ಬೇರೆ ಗಾಡಿಯ ಬೀಗದ ನೆನಪು ಹೊತ್ತುಬಂದ ಮಾಡ್ಯೂಲ್ ನಿಮ್ಮ ಕೀಗೆ ಒಪ್ಪುವುದಿಲ್ಲ. ಕೆಲವು ಮಾಡ್ಯೂಲ್‌ಗಳು ಒಮ್ಮೆ ಬರೆದ ಮೇಲೆ ಇನ್ನೊಂದು ಗಾಡಿಗೆ ಬಗ್ಗುವುದೂ ಇಲ್ಲ. ಆಗಿನ ದಾರಿ, ಹಳೆಯ ಬೋರ್ಡಿನ ಮೆಮೊರಿ ಚಿಪ್ ಓದಿ, ಅದೇ ಪಾರ್ಟ್ ನಂಬರಿನ ಇನ್ನೊಂದಕ್ಕೆ ನಕಲು ಮಾಡಿಸುವುದು. ಪಾರ್ಟ್ ನಂಬರಿನ ಕೊನೆಯ ಅಕ್ಷರವೂ ತಾಳೆಯಾಗಬೇಕು.

ಹೊಸದಾದರೂ, ಹಳೆಯದು ಇನ್ನೂ ಉಸಿರಾಡುತ್ತಿದ್ದರೆ ಮೊದಲು ಅದರ ಕಾನ್ಫಿಗರೇಶನ್ (ಗಾಡಿಯ ಆಯ್ಕೆಗಳ ಸೆಟ್ಟಿಂಗ್) ಓದಿ ಸೇವ್ ಮಾಡಿಸಿ. ಬಳಿಕ ನೆಗೆಟಿವ್ ಕೇಬಲ್ ಬಿಚ್ಚಿ, ಏರ್‌ಬ್ಯಾಗ್ ಇರುವುದರಿಂದ ಹತ್ತು ನಿಮಿಷ ಕಾಯಿರಿ, ಬಾಡಿಯ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿ. ಸಾಕೆಟ್‌ಗಳನ್ನು ಲಾಕ್ ಲಿವರ್ ತಿರುಗಿಸಿಯೇ ತೆಗೆಯಿರಿ, ವೈರ್ ಹಿಡಿದು ಎಳೆದರೆ ಪಿನ್ ಹಿಂದಕ್ಕೆ ಸರಿಯುತ್ತದೆ. ಪ್ರೋಗ್ರಾಮಿಂಗ್ ನಡೆಯುವಾಗ ಬ್ಯಾಟರಿಗೆ ಸ್ಥಿರ ಪವರ್ ಸಪ್ಲೈ ಕಡ್ಡಾಯ. ಅರ್ಧದಲ್ಲಿ ವೋಲ್ಟೇಜ್ ಬಿದ್ದು ಹೊಸ ಮಾಡ್ಯೂಲೇ ಸತ್ತದ್ದುಂಟು. ಇರುವ ಕೀಗಳೆಲ್ಲವನ್ನೂ ಒಟ್ಟಿಗೆ ಒಯ್ಯಿರಿ. ಮನೆಯಲ್ಲಿ ಬಿಟ್ಟುಹೋದ ಕೀಗೆ ಮತ್ತೊಮ್ಮೆ ಓಡಾಡಬೇಕಾದೀತು.

ಹಳೆಯದು ಯಾಕೆ ಸುಟ್ಟಿತೆಂದೂ ಕೇಳಿಕೊಳ್ಳಿ. ಫಾಗ್ ಲ್ಯಾಂಪನ್ನು ನೇರ ಹೆಡ್‌ಲೈಟ್ ವೈರಿಗೆ ಸುತ್ತಿದ್ದರೆ ಉತ್ತರ ಅಲ್ಲೇ ಇದೆ. 55 ವಾಟ್‌ನ ಎರಡು ಬಲ್ಬ್ ಎಂದರೆ ಒಂಬತ್ತು ಆಂಪ್ ಮೀರುತ್ತದೆ, ಬಿಸಿಎಂ ಒಳಗೆ ಲೈಟಿಗೆ ಕರೆಂಟು ಕೊಡುವ ಸರ್ಕ್ಯೂಟ್ ಅದಕ್ಕೆ ಮಾಡಿದ್ದಲ್ಲ. ಬೇರೆ ರಿಲೇ ಹಾಕಿ, ಅದರ ಪಿನ್ ನಂಬರುಗಳ ಪ್ರಕಾರ: 30ಕ್ಕೆ ಬ್ಯಾಟರಿಯಿಂದ 15 ಆಂಪ್ ಫ್ಯೂಸ್ ಮೂಲಕ 2.5 ಚದರ ಮಿ.ಮೀ. ವೈರ್, 87ರಿಂದ ಲ್ಯಾಂಪ್, 86ಕ್ಕೆ ಬೇರೆ ಸ್ವಿಚ್, 85 ಅರ್ತ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ.

ಪ್ರಶ್ನೆ: 2004ರ ಷೆವರ್ಲೆ ಸಿಲ್ವರಾಡೋಗೆ ನಾನೇ ಬಿಸಿಎಂ ಬದಲಿಸಿದೆ. ಈಗ ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಲ್ಲುತ್ತದೆ, ಸೆಕ್ಯುರಿಟಿ ಲೈಟ್ ಉರಿಯುತ್ತಿದೆ.
– ಓದುಗರು, ಹ್ಯೂಸ್ಟನ್

ಉತ್ತರ: ಅದು ಪಾಸ್‌ಲಾಕ್, ಅಂದರೆ ಗಾಡಿಯ ಕಳ್ಳತನ ತಡೆಯುವ ವ್ಯವಸ್ಥೆ. ಹೊಸ ಬಿಸಿಎಂನ ಪಾಸ್‌ವರ್ಡ್ ಇಂಜಿನ್ ಕಂಪ್ಯೂಟರಿಗೆ ಗೊತ್ತಿಲ್ಲ, ಇಂಧನ ನಿಲ್ಲಿಸುತ್ತಿದೆ. ಕೀ ತಿರುಗಿಸಿ ಸ್ಟಾರ್ಟ್‌ಗೆ ಪ್ರಯತ್ನಿಸಿ, ನಿಂತ ಮೇಲೆ ಕೀಯನ್ನು ಆನ್‌ನಲ್ಲೇ ಬಿಡಿ. ಸುಮಾರು ಹತ್ತು ನಿಮಿಷಕ್ಕೆ ಸೆಕ್ಯುರಿಟಿ ಲೈಟ್ ಆರುತ್ತದೆ. ಆಗ ಆಫ್ ಮಾಡಿ ಹತ್ತು ಸೆಕೆಂಡ್ ಬಿಟ್ಟು, ಇದನ್ನೇ ಇನ್ನೆರಡು ಸಲ ಮಾಡಿ. ಮೂರೂ ಮುಗಿದು ಆಫ್ ಮಾಡಿದ ಮೇಲಿನ ಸ್ಟಾರ್ಟ್‌ನಲ್ಲಿ ಇಂಜಿನ್ ನಿಲ್ಲಬಾರದು. ಅರ್ಧ ಗಂಟೆ ಕೀ ಆನ್ ಇರುವುದರಿಂದ ಚಾರ್ಜರ್ ಹಾಕಿಟ್ಟುಕೊಳ್ಳಿ.

ಗಾಡಿಯ ಆಯ್ಕೆಗಳನ್ನು ಬಿಸಿಎಂಗೆ ತಿಳಿಸುವ ಕೆಲಸ ಇದರಿಂದ ಆಗದು, ಅದಕ್ಕೆ ಷೆವರ್ಲೆ ತಯಾರಕ ಜಿಎಂ ಕಂಪನಿಯ ಟೆಕ್ 2ನಂಥ ಸ್ಕ್ಯಾನರ್ ಇರುವವರ ಬಳಿ ಹೋಗಲೇಬೇಕು. ಮೇಲೆ ಹೇಳಿದ 60 ಓಮ್ ಪರೀಕ್ಷೆಯೂ ನಿಮ್ಮ ಗಾಡಿಗೆ ಹೊಂದದು. ಅದರಲ್ಲಿ ಕ್ಯಾನ್ ಇಲ್ಲ, ಮಾಹಿತಿ 2ನೇ ಪಿನ್‌ನ ಒಂಟಿ ವೈರಿನಲ್ಲಿ ಹರಿಯುತ್ತದೆ. ಕೆಲವೇ ವಾರದಲ್ಲಿ ಮತ್ತೆ ಇದೇ ತೊಂದರೆ ಬಂದರೆ ಇಗ್ನಿಷನ್ ಲಾಕಿನ ಬಳಿಯ ಸೆನ್ಸರ್ ಮತ್ತು ಅದರ ತೆಳು ವೈರ್‌ಗಳನ್ನು ಪರೀಕ್ಷಿಸಿ.