ಮೂರು ದಿನ ಶೂಟಿಂಗ್ ನೋಡಿದರೂ ಕತೆ ತಿಳಿಯಲಿಲ್ಲ. ಹಾಗಾದರೆ ಸಿನಿಮಾ ತಯಾರಾಗುವುದು ಎಲ್ಲಿ?

ಓದುವ ಉಳಿದವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಇಲ್ಲಿ ಹೇಳಿಬಿಡುತ್ತೇನೆ. ನೀವು ಬಾದಾಮಿಯವರು. ಅಗಸ್ತ್ಯ ತೀರ್ಥ ಎಂಬ ಹೊಂಡದ ಮೆಟ್ಟಿಲ ಮೇಲೆ ಮೂರು ದಿನ ಶೂಟಿಂಗ್ ನಡೆಯಿತು. ಕಾಲೇಜು ಬಿಟ್ಟು ನಿಂತು ನೋಡಿದಿರಿ. ಒಬ್ಬ ನಟಿ ಕೊಡ ಹೊತ್ತುಕೊಂಡು ಅದೇ ಮೆಟ್ಟಿಲನ್ನು 11 ಸಲ ಹತ್ತಿದರು. ಕತೆ ಏನು ಅಂತ ಒಂದು ಚೂರೂ ತಿಳಿಯಲಿಲ್ಲ. ಹಾಗಾದರೆ ಸಿನಿಮಾ ನಿಜವಾಗಿ ಎಲ್ಲಿ ತಯಾರಾಗುತ್ತದೆ, ಶೂಟಿಂಗ್ ಮುಗಿದ ಮೇಲೂ ವರ್ಷ ಯಾಕೆ ಹಿಡಿಯುತ್ತದೆ? ಇದು ನಿಮ್ಮ ಪ್ರಶ್ನೆ.

ತಿಳಿಯದೇ ಇದ್ದದ್ದು ನಿಮ್ಮ ತಪ್ಪಲ್ಲ. ಅಲ್ಲಿ ಲೈಟ್ ಹಿಡಿದು ನಿಂತವರಿಗೂ ಎಷ್ಟೋ ಸಲ ಕತೆ ಗೊತ್ತಿರುವುದಿಲ್ಲ.

ನಾನು ವಿಜಯಪುರದವನು. ಪಿಯುಸಿ ಫೇಲಾದ ವರ್ಷ ಇಲ್ಲಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಕೈಕೆಳಗೆ ಸೇರಿದೆ. ಆಮೇಲೆ ಬೆಂಗಳೂರಿಗೆ ಹೋಗಿ ಆರು ವರ್ಷ ಅಸಿಸ್ಟೆಂಟ್ ಎಡಿಟರ್ ಆಗಿದ್ದೆ. ಈಗ ಊರಲ್ಲೇ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಹಾಗಾಗಿ ನನ್ನ ಉತ್ತರ ಎಡಿಟಿಂಗ್ ಕಡೆಗೆ ಸ್ವಲ್ಪ ವಾಲುತ್ತದೆ. ಕ್ಯಾಮೆರಾದವರನ್ನು ಕೇಳಿದರೆ ಅವರು ಬೇರೆಯೇ ಹೇಳುತ್ತಾರೆ.

ಟಾಕೀಸಿನಲ್ಲಿ ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನಿಂದಲೇ ಶುರು ಮಾಡುತ್ತೇನೆ. ಆಗ ಸಿನಿಮಾ ಅಂದರೆ ಕೈಯಲ್ಲಿ ಹಿಡಿಯುವ ವಸ್ತು. 35 ಎಂಎಂ ಅಗಲದ ಪಟ್ಟಿ, ಅದರ ಮೇಲೆ ಸಾಲಾಗಿ ಸಣ್ಣ ಸಣ್ಣ ಫೋಟೋ, ಪಕ್ಕದಲ್ಲಿ ಅಲೆ ಅಲೆಯಾದ ಒಂದು ತೆಳು ಗೆರೆ. ಆ ಗೆರೆಯೇ ಸೌಂಡ್. ಒಂದು ಸೆಕೆಂಡಿಗೆ 24 ಫೋಟೋ ಓಡುತ್ತವೆ. ಓಡುತ್ತವೆ ಅಂತ ಸುಮ್ನೆ ಹೇಳುತ್ತೇವೆ, ನಿಜಕ್ಕೂ ಪ್ರತಿ ಫೋಟೋ ಲೆನ್ಸ್ ಮುಂದೆ ಬಂದು ಒಂದು ಕ್ಷಣ ನಿಲ್ಲುತ್ತದೆ. ಅದು ಸರಿಯುವಾಗ ಮುಂದಿರುವ ರೆಕ್ಕೆಯಂಥ ಶಟರ್ ಬೆಳಕನ್ನು ಮುಚ್ಚುತ್ತದೆ. ಕಣ್ಣಿಗೆ ಮಿಣುಕು ಕಾಣಬಾರದು ಅಂತ ಅದೇ ಫೋಟೋವನ್ನು ಎರಡು ಸಲ ಬೆಳಗಿಸುತ್ತದೆ, ಅಂದರೆ ಸೆಕೆಂಡಿಗೆ 48 ಸಲ. ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಚಲನೆ ನಮ್ಮ ತಲೆಯೊಳಗೆ ಆಗುತ್ತದೆ.

ನಿಮಿಷಕ್ಕೆ 90 ಅಡಿ ಫಿಲಂ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಜಾಸ್ತಿ! 2,000 ಅಡಿಯ ಒಂದು ರೀಲ್ 22 ನಿಮಿಷ ಓಡುತ್ತದೆ. ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರ ರೀಲ್ ಮುಗಿಯುತ್ತ ಬಂದಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಬರುತ್ತದೆ. ಆಗ ಇನ್ನೊಂದರ ಮೋಟರ್ ಚಾಲೂ ಮಾಡಬೇಕು. ಕೆಲವು ಸೆಕೆಂಡ್ ಬಿಟ್ಟು ಎರಡನೇ ಚುಕ್ಕೆ. ಆಗ ಬದಲಿಸಬೇಕು. ಗೊತ್ತಿಲ್ಲದವರಿಗೆ ಆ ಚುಕ್ಕೆ ಜನ್ಮದಲ್ಲಿ ಕಾಣುವುದಿಲ್ಲ. ಗೊತ್ತಾದ ಮೇಲೆ ನನಗೆ ಸಿನಿಮಾಕ್ಕಿಂತ ಆ ಚುಕ್ಕೆಯೇ ಜಾಸ್ತಿ ಕಾಣುತ್ತಿತ್ತು.

ಒಂದು ಮಧ್ಯಾಹ್ನದ ಆಟ. ಆಪರೇಟರ್ ಕಾಕಾ ಊಟಕ್ಕೆ ಹೋಗಿದ್ದರು. ನಾನು ಮೂರನೇ ರೀಲ್ ಆದ ಮೇಲೆ ಐದನೆಯದನ್ನು ಹಾಕಿಬಿಟ್ಟೆ. ಅದರಲ್ಲಿ ನಾಯಕನ ಅಪ್ಪ ಆಗಲೇ ತೀರಿಹೋಗಿದ್ದಾನೆ, ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ತಪ್ಪು ತಿಳಿದಾಗ ರೀಲ್ ಅರ್ಧ ಓಡಿತ್ತು. ಈಗ ನಿಲ್ಲಿಸಿದರೆ ಜನ ಕುರ್ಚಿ ಮುರಿಯುತ್ತಾರೆ ಅಂತ ಹೆದರಿ, ಅದು ಮುಗಿದ ಮೇಲೆ ನಾಲ್ಕನೆಯದನ್ನು ಹಾಕಿದೆ. ಸತ್ತ ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ಒಬ್ಬರೂ ಕೂಗಲಿಲ್ಲ. ಇಂಟರ್ವಲ್‌ನಲ್ಲಿ ಇಬ್ಬರು ಬೀಡಿ ಸೇದುತ್ತ ಮಾತಾಡುತ್ತಿದ್ದರು: 'ಅಪ್ಪನ್ನ ನೆನಸ್ಕೊಂಡ ನೋಡು, ಚಲೋ ತೋರ್ಸ್ಯಾರ.' ನನ್ನ ತಪ್ಪು ಅವರಿಗೆ ಫ್ಲ್ಯಾಶ್‌ಬ್ಯಾಕ್ ಆಗಿತ್ತು! ಕಾಕಾ ಬಂದ ಮೇಲೆ ನನಗೆ ಬಿದ್ದ ಬೈಗುಳ ಬೇರೆ ವಿಷಯ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಮಧ್ಯಾಹ್ನದಲ್ಲೇ ಇದೆ. ಚಿತ್ರದ ತುಂಡುಗಳಲ್ಲಿ ಕತೆ ಇರುವುದಿಲ್ಲ. ಯಾವ ತುಂಡಿನ ಮುಂದೆ ಯಾವ ತುಂಡು ಬಂತು ಅನ್ನುವುದರಲ್ಲಿ ಇರುತ್ತದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ ಇದನ್ನೇ ಮಾಡಿ ತೋರಿಸಿದರು. ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ಶಾಟ್, ಅಂದರೆ ಒಮ್ಮೆಗೆ ತೆಗೆದ ಒಂದು ತುಂಡು. ಒಮ್ಮೆ ಅದರ ಜೊತೆ ಸೂಪಿನ ಬಟ್ಟಲು, ಇನ್ನೊಮ್ಮೆ ಶವದ ಪೆಟ್ಟಿಗೆ. ನೋಡಿದವರು 'ಹಸಿವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ, ದುಃಖವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ' ಅಂದರಂತೆ. ಮುಖ ಒಂದೇ! ಮದುವೆ ವಿಡಿಯೋದಲ್ಲಿ ನಾನೂ ದಿನಾ ಇದನ್ನೇ ಮಾಡುತ್ತೇನೆ. ಸೊಳ್ಳೆ ಕಚ್ಚಿ ಕಣ್ಣು ಮುಚ್ಚಿದ ಅತ್ತೆಯ ಮುಖವನ್ನು ತಾಳಿ ಕಟ್ಟುವ ಶಾಟಿನ ಮುಂದೆ ಇಟ್ಟರೆ ಅದು ಆನಂದಬಾಷ್ಪ.

ಈಗ ಬಾದಾಮಿಗೆ ಬರೋಣ. ರಾತ್ರಿಯಿಡೀ ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದ ಸೀಮೆ ನಮ್ಮದು. ಅಲ್ಲಿ ಆಟ ಗಣಪತಿ ಸ್ತುತಿಯಿಂದ ಮಂಗಳದವರೆಗೆ ನೇರವಾಗಿ ಹೋಗುತ್ತದೆ. ಹಾಗಾಗಿ ಶೂಟಿಂಗ್ ನೋಡಲು ಹೋದಾಗಲೂ ಕತೆ ಸಾಲಾಗಿ ನಡೆಯುತ್ತದೆ ಅಂದುಕೊಳ್ಳುತ್ತೇವೆ. ಅಲ್ಲಿ ಹಾಗಿಲ್ಲ. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಡೈರೆಕ್ಷನ್ ಡಿಪಾರ್ಟ್‌ಮೆಂಟಿನವರು ಅದನ್ನು ಒಡೆಯುತ್ತಾರೆ. ಹೊಂಡದ ಮೆಟ್ಟಿಲ ಮೇಲಿನ ಸೀನ್ ಎಷ್ಟು, ಮನೆಯೊಳಗಿನದು ಎಷ್ಟು, ರಾತ್ರಿಯದು ಎಷ್ಟು, ಯಾವ ನಟರ ಡೇಟ್ಸ್ ಯಾವಾಗ. ಒಂದು ಜಾಗದ ಸೀನ್‌ಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾರೆ. ನೀವು ನೋಡಿದ ಮೂರು ದಿನದಲ್ಲಿ ಸಿನಿಮಾದ ಮೊದಲ ಸೀನೂ ಇರಬಹುದು, ಕೊನೆಯದೂ ಇರಬಹುದು. ಯೂನಿಟ್‌ಗೆ ದಿನಾ ಊಟ, ವಾಹನ, ರೂಮು, ಬಾಟಾ (ದಿನಭತ್ಯೆ) ಕೊಡಬೇಕಲ್ಲ, ಅದಕ್ಕೇ ಹೀಗೆ. ಜೊತೆಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. ಪಡೆದ ದಿನಗಳಲ್ಲೇ ಕೆಲಸ ಮುಗಿಸಬೇಕು.

ಆ 11 ಸಲದ ಲೆಕ್ಕ ಹೀಗೆ ಇರಬಹುದು. ಮೊದಲು ದೂರದಿಂದ: ಹೊಂಡ, ಮೆಟ್ಟಿಲು, ಹಿಂದೆ ಕೆಂಪು ಬಂಡೆ, ಸಣ್ಣದಾಗಿ ಆಕೆ. ಒಂದು ಸಲ ಮೋಡ ಬಂತು, ಒಂದು ಸಲ ಯಾರೋ ಹುಡುಗ ಕ್ಯಾಮೆರಾ ನೋಡಿ ಕೈ ಬೀಸಿದ. (ಅದು ನೀವಲ್ಲ ತಾನೇ?) ಆಮೇಲೆ ಕ್ಯಾಮೆರಾ ಹತ್ತಿರ, ಸೊಂಟದಿಂದ ಮೇಲೆ. ಆಮೇಲೆ ಮುಖ ಮಾತ್ರ. ಆಮೇಲೆ ಕಾಲು ಮಾತ್ರ, ಒದ್ದೆ ಕಲ್ಲಿನ ಮೇಲೆ ಜಾರುವ ಹೆಜ್ಜೆ. ಪ್ರತಿ ಸಲವೂ ಪೂರ್ತಿ ಹತ್ತಲೇಬೇಕು, ಯಾಕಂದರೆ ಯಾವ ಹೆಜ್ಜೆಯಲ್ಲಿ ಕತ್ತರಿ ಬೀಳುತ್ತದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಪ್ರತಿ ಸಲವೂ ಕೊಡ ಅದೇ ಸೊಂಟದ ಮೇಲೆ, ಸೆರಗು ಅದೇ ಕಡೆ, ಹಣೆಯ ಬೆವರು ಅಷ್ಟೇ ಇರಬೇಕು. ಇದಕ್ಕೆ ಕಂಟಿನ್ಯುಟಿ ಅನ್ನುತ್ತಾರೆ. ಇದನ್ನು ನೋಡಿಕೊಳ್ಳುವವರೇ ಸೆಟ್ಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೈಸಿಕೊಳ್ಳುವವರು. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ನಾಯಕ ಬಾಗಿಲ ಹೊರಗೆ ಗಡಿಯಾರ ಕಟ್ಟಿದ್ದ, ಒಳಗೆ ಕಾಲಿಟ್ಟಾಗ ಕೈ ಬರಿದು. ಹೊರಗಿನದು ಸಾಗರ ಪಟ್ಟಣದಲ್ಲಿ, ಒಳಗಿನದು ಎರಡು ತಿಂಗಳ ಮೇಲೆ ಬೆಂಗಳೂರಿನ ಸೆಟ್ಟಿನಲ್ಲಿ ತೆಗೆದದ್ದು. ಕೊನೆಗೆ ಬಾಗಿಲು ಬಡಿಯುವ ಶಾಟನ್ನೇ ಕಿತ್ತು ಹಾಕಿದೆವು.

ಇನ್ನು ಸೌಂಡ್. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ.

ಚಿತ್ರ ಕ್ಯಾಮೆರಾದಲ್ಲಿ, ದನಿ ಬೇರೆ ಯಂತ್ರದಲ್ಲಿ ರೆಕಾರ್ಡ್ ಆಗುತ್ತದೆ. ಶಾಟಿನ ಮೊದಲು ಒಬ್ಬರು ಬೋರ್ಡ್ ಹಿಡಿದು 'ಟಕ್' ಅನಿಸುತ್ತಾರಲ್ಲ, ಅದು ಶಾಸ್ತ್ರಕ್ಕಲ್ಲ. ಹಲಗೆ ಮುಚ್ಚಿದ ಚಿತ್ರಕ್ಕೂ 'ಟಕ್' ಎಂಬ ಸದ್ದಿಗೂ ಗಂಟು ಹಾಕಿದರೆ ಎರಡೂ ಸಾಲಿಗೆ ಬರುತ್ತವೆ. ಬೋರ್ಡಿನ ಮೇಲಿನ ಸೀನ್, ಶಾಟ್, ಟೇಕ್ (ಎಷ್ಟನೇ ಸಲ ತೆಗೆದದ್ದು) ನಂಬರ್ ಇಲ್ಲದಿದ್ದರೆ ನಮ್ಮಂಥವರು ಹಾರ್ಡ್ ಡಿಸ್ಕ್ ಮುಂದೆ ಕೂತು ಅಳಬೇಕಾಗುತ್ತದೆ.

ದನಿಯ ಕಷ್ಟ ಏನು ಅಂತ ತಿಳಿಯಬೇಕಾದರೆ ಒಮ್ಮೆ ಗೋಲಗುಮ್ಮಟಕ್ಕೆ ಬನ್ನಿ. ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಹೊಡೆದರೆ ಏಳು ಸಲ ಮರಳಿ ಬರುತ್ತದೆ ಅಂತ ಗೈಡ್‌ಗಳು ಎಣಿಸಿ ತೋರಿಸುತ್ತಾರೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಬೇಕು. ಅಷ್ಟು ಅಂತರ ಇದ್ದರೆ ಕಿವಿ ಅದನ್ನು ಬೇರೆ ಸದ್ದು ಅಂತ ಹಿಡಿಯುತ್ತದೆ. ನಿಮ್ಮ ಮನೆಯ ಪಡಸಾಲೆಯಲ್ಲೂ ದನಿ ಮರಳುತ್ತದೆ, ಆದರೆ ಬೇಗ ಬರುವುದರಿಂದ ಮಾತಿನೊಳಗೇ ಕಲಸಿಹೋಗುತ್ತದೆ. ನಮ್ಮ ಮೆದುಳು ಅದನ್ನು ಬದಿಗೆ ಸರಿಸುತ್ತದೆ. ಮೈಕಿಗೆ ಮೆದುಳಿಲ್ಲ. ಗೋಡೆಯ ಗುಂಯ್ ಸದ್ದು, ಪಕ್ಕದ ಗಿರಣಿ, ಟಂಟಂ ಗಾಡಿ, ಎಲ್ಲವನ್ನೂ ಒಂದೇ ಸಮ ಕೇಳಿಸಿಕೊಳ್ಳುತ್ತದೆ. 1931ರಲ್ಲಿ ದೇಶದ ಮೊದಲ ಟಾಕಿ (ಮಾತಿನ ಚಿತ್ರ) 'ಆಲಂ ಆರಾ' ಚಿತ್ರೀಕರಣವನ್ನು ಬಹುಪಾಲು ರಾತ್ರಿ ಮಾಡಿದ್ದು ಇದೇ ಕಾರಣಕ್ಕೆ, ಸ್ಟುಡಿಯೋ ಪಕ್ಕ ರೈಲು ಓಡಾಡುತ್ತಿತ್ತು. ನಮ್ಮ ಮೊದಲ ಕನ್ನಡ ಟಾಕಿ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದನ್ನು ತೆಗೆದದ್ದು ಬೆಂಗಳೂರಿನಲ್ಲಲ್ಲ, ಬೆಳಗಾವಿಯಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ನಮ್ಮ ಕಡೆಯವರು ಇದನ್ನು ಹೇಳಿಕೊಳ್ಳಲು ಯಾಕೆ ಮರೆಯುತ್ತಾರೋ ಗೊತ್ತಿಲ್ಲ.

ಹಾಗಾಗಿ ಕನ್ನಡದ ಬಹಳಷ್ಟು ಸಿನಿಮಾಗಳಲ್ಲಿ ನಟರು ಆಮೇಲೆ ಸ್ಟುಡಿಯೋದಲ್ಲಿ ನಿಂತು, ಪರದೆ ನೋಡುತ್ತ, ತುಟಿಗೆ ಸರಿಯಾಗಿ ಮತ್ತೆ ಮಾತಾಡುತ್ತಾರೆ. ಅದೇ ಡಬ್ಬಿಂಗ್. ಡಬ್ ಮಾಡಿದರೆ ಮಾತು ಸ್ವಚ್ಛ, ಆದರೆ ಉಳಿದದ್ದೆಲ್ಲ ಸತ್ತುಹೋಗುತ್ತದೆ. ಹೆಜ್ಜೆಯ ಸದ್ದಿಲ್ಲ, ಬಳೆಯಿಲ್ಲ, ಕೊಡದ ನೀರಿನ ತುಳುಕಿಲ್ಲ. ಅದನ್ನು ಮಾಡಲು ಬೇರೆ ಜನ ಇದ್ದಾರೆ. ಪರದೆಯಲ್ಲಿ ಆಕೆ ಹೆಜ್ಜೆ ಇಟ್ಟಂತೆ ಇವರು ಕಲ್ಲಿನ ಮೇಲೆ ಹೆಜ್ಜೆ ಇಡುತ್ತಾರೆ, ಬಳೆ ಅಲ್ಲಾಡಿಸುತ್ತಾರೆ. ಫೋಲಿ ಅಂತ ಹೆಸರು, ಜ್ಯಾಕ್ ಫೋಲಿ ಎಂಬ ಅಮೆರಿಕದವರಿಂದ ಬಂದದ್ದು. ಒಬ್ಬ ದಪ್ಪ ಮೀಸೆಯ ಕಲಾವಿದರು ನಾಯಕಿಯ ಕಾಲ್ಗೆಜ್ಜೆಯನ್ನು ಕೈಗೆ ಸುತ್ತಿಕೊಂಡು ನಡೆಸಿದ್ದನ್ನು ನೋಡಿದ ಮೇಲೆ, ಆ ಹಾಡನ್ನು ನಾನು ಮೊದಲಿನಂತೆ ನೋಡಲು ಆಗಿಲ್ಲ.

ಮೌನವನ್ನೂ ರೆಕಾರ್ಡ್ ಮಾಡುತ್ತಾರೆ ಗೊತ್ತಾ? ಜಾಗದಲ್ಲೇ ದನಿ ಹಿಡಿಯುವ ಚಿತ್ರವಾದರೆ, ಸೀನ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಖಾಲಿ ಸದ್ದು ತೆಗೆದುಕೊಳ್ಳುತ್ತಾರೆ. ಜೋಳದ ಹೊಲದ ಮೌನ ಬೇರೆ, ಕಲ್ಲಿನ ಮಂಟಪದ ಮೌನ ಬೇರೆ. ಎರಡು ಶಾಟ್ ನಡುವೆ ಅದನ್ನು ತುಂಬದಿದ್ದರೆ ಕತ್ತರಿಸಿದ್ದು ಕಿವಿಗೆ ಗೊತ್ತಾಗಿಬಿಡುತ್ತದೆ.

ಡಬ್ಬಿಂಗ್ ಬಗ್ಗೆ ನನ್ನದೊಂದು ಸಿಟ್ಟಿದೆ. ಉತ್ತರ ಕರ್ನಾಟಕದ ಪಾತ್ರ ಅಂದರೆ ಎಲ್ಲದಕ್ಕೂ 'ರೀ' ಸೇರಿಸಿದರೆ ಆಯಿತು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಮ್ಮ ಕಡೆ 'ಮಾಡಾಕತ್ತೀನಿ', ನಮ್ಮ ಕಡೆ 'ಮಾಡ್ಲಾಕತ್ತೀನಿ'. ಬೆಳಗಾವಿಯ ರಾಗ ಮತ್ತೆ ಬೇರೆ. ಅಪ್ಪ ಒಂದು ಜಿಲ್ಲೆಯವನು, ಮಗ ಇನ್ನೊಂದು ಜಿಲ್ಲೆಯವನು ಅನ್ನಿಸುವ ಸಿನಿಮಾಗಳನ್ನು ನಾನೇ ಎಡಿಟ್ ಟೇಬಲ್ ಮೇಲೆ ನೋಡಿದ್ದೇನೆ. ಅಲ್ಲಿದ್ದವರಿಗೆ ಹೇಳಿದೆ. 'ಯಾರಿಗೆ ಗೊತ್ತಾಗುತ್ತೆ ಬಿಡಿ' ಅಂದರು.

ವರ್ಷ ಯಾಕೆ ಬೇಕು ಅನ್ನುವುದಕ್ಕೆ ಅರ್ಧ ಉತ್ತರ ಈಗ ಸಿಕ್ಕಿರಬೇಕು. ನಾನು ಕೂತ ಒಂದು ಸಿನಿಮಾಕ್ಕೆ ಸುಮಾರು 70 ಗಂಟೆಯ ಫುಟೇಜ್ (ಶೂಟಿಂಗ್‌ನಲ್ಲಿ ತೆಗೆದ ಒಟ್ಟು ಚಿತ್ರ) ಬಂದಿತ್ತು, ಥೇಟರಿಗೆ ಹೋದದ್ದು 2 ಗಂಟೆ 20 ನಿಮಿಷ. ಬರೀ ನೋಡಿ ಗುರುತು ಹಾಕಲಿಕ್ಕೇ ವಾರಗಟ್ಟಲೆ ಬೇಕು. ಎಡಿಟ್ ಆದ ಮೇಲೆ ಡಬ್ಬಿಂಗ್, ಹಿನ್ನೆಲೆ ಸಂಗೀತ, ಬೆಳಿಗ್ಗೆ ತೆಗೆದ ಶಾಟಿಗೂ ಸಂಜೆ ತೆಗೆದ ಶಾಟಿಗೂ ಬಣ್ಣ ಹೊಂದಿಸುವ ಕೆಲಸ, ಗ್ರಾಫಿಕ್ಸ್, ಎಲ್ಲ ಸದ್ದನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್. ಆಮೇಲೆ ಸೆನ್ಸಾರ್. ಈಗ ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕಾದ ಚಿತ್ರಗಳ ಯುಎ ಪ್ರಮಾಣಪತ್ರದಲ್ಲೇ 7, 13, 16 ಅಂತ ವಯಸ್ಸಿನ ಮೂರು ಬಗೆ ಇವೆ. ಉಳಿದರ್ಧ ಉತ್ತರ ದುಡ್ಡು. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆಯುವ ಹೊತ್ತಿಗೆ ಎಷ್ಟೋ ನಿರ್ಮಾಪಕರ ಜೇಬು ಖಾಲಿ. ಥೇಟರ್ ಸಿಗಲು ಕಾಯಬೇಕು, ದೊಡ್ಡ ಹೀರೋ ಸಿನಿಮಾ ಇಲ್ಲದ ವಾರ ಹುಡುಕಬೇಕು. ರೀಲ್ ಡಬ್ಬಿ ಹೊತ್ತು ಬಸ್ ಸ್ಟ್ಯಾಂಡಿಗೆ ಓಡುವುದು ಮಾತ್ರ ತಪ್ಪಿದೆ. ಈಗ ಹಾರ್ಡ್ ಡಿಸ್ಕ್ ಬರುತ್ತದೆ, ಅದನ್ನು ತೆರೆಯುವ ಡಿಜಿಟಲ್ ಕೀ ಬೇರೆ ಬರುತ್ತದೆ, ಕೊಟ್ಟ ದಿನಗಳ ಆಚೆ ಅದು ಕೆಲಸ ಮಾಡುವುದಿಲ್ಲ. ನಾಲ್ಕನೆಯದರ ಬದಲು ಐದನೆಯದನ್ನು ಹಾಕುವ ಸುಖ ಈಗಿನ ಹುಡುಗರಿಗಿಲ್ಲ.

ಕಲಿಯಬೇಕು ಅಂತಿದ್ದರೆ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮವ್ವ ರೊಟ್ಟಿ ಬಡಿಯುವುದನ್ನು ಮೊಬೈಲಿನಲ್ಲಿ ತೆಗೆಯಿರಿ. ದೂರದಿಂದ ಒಂದು, ಕೈ ಒಂದು, ಮುಖ ಒಂದು, ಹಂಚಿನ ಮೇಲೆ ಉಬ್ಬುವ ರೊಟ್ಟಿ ಒಂದು, ಬಾಗಿಲಲ್ಲಿ ನಿಂತು ನೋಡುವ ಯಾರದೋ ಮುಖ ಒಂದು. ಬಡಿಯುವ ಸದ್ದನ್ನು ಬೇರೆಯಾಗಿ, ಫೋನ್ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. ಈಗ ಒಂದು ನಿಮಿಷಕ್ಕೆ ಜೋಡಿಸಿ. ಆಮೇಲೆ ಬಾಗಿಲಲ್ಲಿ ನಿಂತವರ ಮುಖವನ್ನು ಮೊದಲಿಗೆ ತಂದು ಮತ್ತೆ ನೋಡಿ, ಕೊನೆಗೆ ಇಟ್ಟು ಮತ್ತೆ ನೋಡಿ. ಒಂದರಲ್ಲಿ ಅವರು ಹಸಿದವರು, ಇನ್ನೊಂದರಲ್ಲಿ ಊರು ಬಿಟ್ಟು ಹೊರಟವರು ಅನ್ನಿಸಬಹುದು.

ಮತ್ತೆ, ನೀವು ನೋಡಿದ ಆ ಸಿನಿಮಾ ಬಿಡುಗಡೆಯಾದಾಗ ಮೆಟ್ಟಿಲ ಸೀನ್ ಎಷ್ಟು ಸೆಕೆಂಡ್ ಇದೆ ಅಂತ ಎಣಿಸಿ ಇಲ್ಲೇ ಬರೆಯಿರಿ. 11 ಸಲ ಹತ್ತಿದ್ದಕ್ಕೆ ನನ್ನ ಅಂದಾಜು ನಾಲ್ಕು ಸೆಕೆಂಡ್.